ಚಿಕ್ಕಮ್ಮನ ಪಾಲಿನ ಕಾವು

ನಮ್ಮ ಚಿಕ್ಕಮ್ಮ ರಸ್ಕ್ ಮಾಡಿ ಮಾರುತ್ತಾಳೆ. ಚಿಕ್ಕಪ್ಪ ತೀರಿಕೊಂಡಾಗ ಅವಳಿಗೆ ಉಳಿದದ್ದು ದೊಡ್ಡ ಬೀದಿಯ ಒಂದು ಪುಟ್ಟ ಅಂಗಡಿ, ಅದರಲ್ಲಿಡಲು ಸರಕಿರಲಿಲ್ಲ. ಹಿಂದಿನ ಓಣಿಯಲ್ಲಿ ಬ್ರೆಡ್ ಮಾಡುವ ಯಜಮಾನರಿದ್ದರು. ಮದುವೆಯ ಗೊಡವೆಗೆ ಹೋಗದ ಮನುಷ್ಯ. ಅವರಿಗೆ ಸೌದೆ ಒಲೆ ಇತ್ತು, ಗಿರಾಕಿಗಳು ಮಾತ್ರ ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇಬ್ಬರೂ ಮಾತಾಡಿಕೊಂಡರು. ಅವರ ಬ್ರೆಡ್ಡು ಇವಳ ಅಂಗಡಿಯಲ್ಲಿ ಮಾರುವುದು, ಮಾರದೆ ಉಳಿದದ್ದನ್ನು ಇವಳು ಮರುದಿನ ಹೋಳು ಮಾಡಿ ಅವರ ಒಲೆಯಲ್ಲಿ ರಸ್ಕ್ ಮಾಡುವುದು, ಸೌದೆ ಇಬ್ಬರದೂ. ಕಾಗದ ಪತ್ರ ಏನೂ ಆಗಲಿಲ್ಲ. ಇಬ್ಬರ ಬದುಕೂ ಒಂದು ದಡ ಸೇರಿತು.

ಒಲೆಯ ಮೊದಲ ಕಾವು ಬ್ರೆಡ್ಡಿಗೆ. ಅದನ್ನು ತೆಗೆದ ಮೇಲೆ ಕಾವು ತಾನಾಗಿ ಇಳಿಯಬೇಕು. ಅವಸರಪಟ್ಟರೆ ರಸ್ಕ್ ಸೀದು ಕರಕಲು. ಯಜಮಾನರು ಚಿಟಿಕೆ ಹಿಟ್ಟನ್ನು ಒಳಗೆ ಎಸೆದು ನೋಡುತ್ತಿದ್ದರು. ತಕ್ಷಣ ಕಪ್ಪಾದರೆ, "ಇನ್ನೂ ನಂದೇ," ಅನ್ನುವರು. ಮೆಲ್ಲಗೆ ಕೆಂಪಾದರೆ, "ಬನ್ನಿ, ಈಗ ನಿಮ್ಮದು." ಅಲ್ಲಿಯವರೆಗೆ ಇಬ್ಬರೂ ಸ್ಟೂಲು ಹಾಕಿಕೊಂಡು ಚಹಾ ಕುಡಿಯುತ್ತ ಕೂರುವುದು. ಹೋಳು ಜೋಡಿಸುತ್ತ ನಾನೂ ಅಲ್ಲೇ ಇರುತ್ತಿದ್ದೆ. ಅವರಾಡಿದ ಮಾತೆಂದರೆ ಸೌದೆ ಹಸಿ, ಮೈದಾ ಮುಗ್ಗಲು, ಅಷ್ಟೇ. ಆದರೂ ಅಲ್ಲಿಗೆ ಹೊರಡುವ ಮುನ್ನ ಚಿಕ್ಕಮ್ಮ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಒಲೆಗೇನು ಕಣ್ಣಿದೆಯಾ ಎಂದು ಕೆಣಕಿದರೆ, "ಬಾಯಿ ಮುಚ್ಕೊಂಡು ಟ್ರೇ ತೊಳಿ," ಅನ್ನುವಳು.

ಸೌದೆಯ ಹೊಗೆ ಯಜಮಾನರ ಎದೆಯಲ್ಲಿ ಕೂತಿತು. ಒಲೆಯ ಹತ್ತಿರ ಸುಳಿಯಕೂಡದೆಂದು ಡಾಕ್ಟರು ಹೇಳಿದರು. ಬೇಕರಿ ವಹಿಸಿಕೊಂಡ ಅವರ ತಮ್ಮನ ಮಗ ಹಳೆಯ ಒಲೆ ಒಡೆಸಿ ಕರೆಂಟಿನದು ತರಿಸಿದ. ಒಳ್ಳೆಯವನೇ. ಮೊದಲಿನ ಒಪ್ಪಂದ ಹಾಗೇ ಇರಲಿ, ಸೌದೆಯ ಬದಲು ಕರೆಂಟಿನಲ್ಲಿ ಪಾಲು ಎಂದ. ಮಧ್ಯಾಹ್ನದ ಮೇಲೆ ಒಲೆ ಇವಳದು.

ಮೊದಲ ದಿನವೇ ಎಡವಟ್ಟು. ಚಿಕ್ಕಮ್ಮ ಒಲೆಯನ್ನು ಬ್ರೆಡ್ಡಿನ ಕಾವಿಗೆ ಏರಿಸಿ, ಆರಿಸಿ, ಅದು ಇಳಿಯಲಿ ಎಂದು ಚಹಾ ಹಿಡಿದು ಸ್ಟೂಲಿನ ಮೇಲೆ ಕೂತಳು.

"ಏನಮ್ಮಾ ಇದು? ನಿಮಗೆ ಬೇಕಾದಷ್ಟಕ್ಕೇ ತಿರುಗಿಸಿ ಇಡಬಹುದಲ್ಲ," ಅಂದ ಅವನು. "ಕಾಯೋದೇ ಬೇಡ."

"ಹೌದಲ್ಲ," ಅಂದಳು. ಮರುದಿನವೂ ಹಾಗೇ ಮಾಡಿದಳು. ಅದರ ಮರುದಿನವೂ. ಹೀಗಾದರೆ ಇಬ್ಬರ ಪಾಲೂ ಗಾಳಿಗೆ ಹೋಗುತ್ತದೆ ಎಂದು ಅವನು ಮೆತ್ತಗೆ ಹೇಳಿದ. ಮನೆಗೆ ಬಂದು ನಾನು ಮೆತ್ತಗೆ ಹೇಳಲಿಲ್ಲ.

"ಇದು ಮರೆವಾ, ಹಟವಾ?"

"ಅವರಿಲ್ಲದೆ ಆಗ್ತಿಲ್ಲ ಕಣೇ," ಅಂದಳು ಚಿಕ್ಕಮ್ಮ.

ನನ್ನ ಸಿಟ್ಟು ಜರ್ರನೆ ಇಳಿಯಿತು. "ಹಾಗಾದ್ರೆ ಹೋಗಿ ನೋಡ್ಕೊಂಡು ಬಾ."

"ಏನಂತ ಹೋಗ್ಲಿ? ನಮ್ಮಿಬ್ಬರ ನಡುವೆ ಇದ್ದದ್ದು ಆ ಒಲೆ ಒಂದೇ. ಅದನ್ನೂ ಒಡೆದಾಯ್ತು."

ನಿನ್ನೆ ನಾವು ಹೋಳು ಜೋಡಿಸುತ್ತಿದ್ದಾಗ ಯಜಮಾನರ ತಮ್ಮನ ಮಗ ಬಂದು ನಿಂತ. "ನಿಮ್ಮ ವಿಷಯ ದೊಡ್ಡಪ್ಪನಿಗೆ ಹೇಳ್ದೆ. ನಗ್ತಾರೆ ಅಂದ್ಕೊಂಡಿದ್ದೆ, ನಗಲಿಲ್ಲ. ಕಾಯುವಾಗ ಅವರೊಬ್ಬರೇ ಕೂತಿರ್ತಾರಾ ಅಂತ ಕೇಳಿದ್ರು."

ಚಿಕ್ಕಮ್ಮ ಟ್ರೇ ಕೆಳಗಿಟ್ಟಳು. ಕೈ ಒರೆಸಿಕೊಂಡಳು, ಒರೆಸಿಕೊಂಡೇ ಇದ್ದಳು.

"ಒಬ್ಬಳೇ ಅಂತ ಹೇಳಪ್ಪ."

ಅವನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದಳು.

"ಈಗ ಇಲ್ಲಿ ಹೊಗೆ ಇಲ್ಲ ಅಂತಾನೂ ಹೇಳು."