ಮೋಟಾರ್ ರೂಮಿನ ಕೆಮ್ಮು

ನಮ್ಮ ಮನೆಯಲ್ಲಿ ಗುಟ್ಟಿನ ಮಾತಿಗೆ ಬಾಗಿಲು ಹಾಕುವ ಪದ್ಧತಿ ಇರಲಿಲ್ಲ. ಕನ್ನಡಕ್ಕೆ ತಿರುಗಿದರೆ ಸಾಕಿತ್ತು. ಎಷ್ಟೋ ತಲೆಮಾರಿನ ಹಿಂದೆ ಕಂಬಂ ಕಣಿವೆಗೆ ಬಂದು ನೆಲೆಸಿದವರು ನಾವು. ಓಡೈಪಟ್ಟಿಯ ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ದ್ರಾಕ್ಷಿ ವ್ಯಾಪಾರಿ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದರೂ ಅಪ್ಪ ಅಮ್ಮ ಅವನ ಮೂಗು, ಅವನ ಬುದ್ಧಿ, ಎರಡನ್ನೂ ಸಾವಕಾಶವಾಗಿ ಚರ್ಚಿಸುತ್ತಿದ್ದರು. ಅವನಿಗೆ ತಿಳಿಯುವುದಿಲ್ಲ ಎಂಬ ನಂಬಿಕೆಯನ್ನು ಯಾರೂ ಯಾವತ್ತೂ ಪರೀಕ್ಷಿಸಿ ನೋಡಿರಲಿಲ್ಲ.

ನಮ್ಮ ದ್ರಾಕ್ಷಿ ತೋಟದಲ್ಲಿ ಏಳು ವರ್ಷ ಕೆಲಸ ಮಾಡಿದ ಹೆಂಗಸೊಬ್ಬಳಿದ್ದಳು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಸಣ್ಣ ಕತ್ತರಿಯಲ್ಲಿ ಗೊಂಚಲಿನ ಹೆಚ್ಚುವರಿ ಕಾಯಿ ಬಿಡಿಸುವುದರಲ್ಲಿ ಅವಳ ಕೈ ಬಲು ಚುರುಕು. ಮಧ್ಯಾಹ್ನ ಅವಳು ಊಟ ಮಾಡುತ್ತಿದ್ದದ್ದು ಮೋಟಾರ್ ರೂಮಿನಲ್ಲಿ. ತಂತಿ ಕದಿಯುತ್ತಾರೆಂದು ಅದಕ್ಕೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಅಲ್ಲೇ ಹಗ್ಗದ ಮಂಚದ ಮೇಲೆ ತಾತ ಮಲಗಿರುತ್ತಿದ್ದ, ಕೆಮ್ಮುತ್ತ. ಅದಕ್ಕೆ ಬೀಡಿ ಕೆಮ್ಮು ಎಂದು ನಾವೇ ಹೆಸರಿಟ್ಟಿದ್ದೆವು. ನನಗೆ ಬುದ್ಧಿ ಬಂದಾಗಿನಿಂದ ಆ ಕೆಮ್ಮು ಮನೆಯ ಹಿರಿಯರಲ್ಲಿ ಒಂದಾಗಿತ್ತು. ಹಿರಿಯರನ್ನು ಯಾರು ಪ್ರಶ್ನಿಸುತ್ತಾರೆ?

ಒಂದು ಮಳೆಗಾಲ ಅಕ್ಕ ಕೆಮ್ಮತೊಡಗಿದಳು, ಇಳಿದುಹೋದಳು. ಚಿನ್ನಮನೂರಿನಲ್ಲಿ ಕಫ ಪರೀಕ್ಷೆ ಮಾಡಿ ಕ್ಷಯ ಎಂದರು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ತಾತ ರಕ್ತ ಉಗುಳಿದ. ಅವನಿಗೂ ಕ್ಷಯ.

ನಾನಾಗ ಮಧುರೈಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ಕ್ಷಯದ ಮೇಲೆ ಒಂದು ಅಧ್ಯಾಯ ಮುಗಿದಿತ್ತು. ಅಲ್ಪ ವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ನನ್ನನ್ನು ನೋಡಿಯೇ ಮಾಡಿದ ಗಾದೆ ಇರಬೇಕು. ರಜೆಗೆ ಮನೆಗೆ ಬಂದ ದಿನ ಎಲ್ಲರೂ ಜಗುಲಿಯಲ್ಲಿ ಸೇರಿದ್ದರು. ಅಕ್ಕ ಕಂಬದ ಪಕ್ಕ ಆಸ್ಪತ್ರೆಯ ಚೀಟಿ ಹಿಡಿದು ಕೂತಿದ್ದಳು. ಮಾತ್ರೆ ಮುಗಿಯುವವರೆಗೆ ಹಗುರದ ಕೆಲಸ ಕೊಡಿ ಎಂದು ಕೇಳಲು ಬಂದಿದ್ದಳು. ಅಪ್ಪ ನನ್ನತ್ತ ತಿರುಗಿ ಕನ್ನಡದಲ್ಲಿ, "ನೀ ಓದವ್ಳು ತಾನೆ. ಇದು ಎಲ್ಲಿಂದ ಬಂತು, ಹೇಳು," ಎಂದ.

"ಅವ್ಳು ತಾನ್ ತಂದವ್ಳೆ," ಎಂದೆ. "ಮೊದ್ಲು ಅವ್ಳಿಗೆ ತಾನೆ ಬಂದದ್ದು. ಅನುಪ್ಪಿಬುಡಿ."

ಕಳಿಸಿಬಿಡಿ ಎಂದು ಅಷ್ಟು ಸಲೀಸಾಗಿ ಹೇಳಿದೆ. ಅಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸರಿಂಗ, ನಾನ್ ವರೇನ್," ಸರಿ, ಬರುತ್ತೇನೆ ಎಂದು ತಮಿಳಿನಲ್ಲಿ ಹೇಳಿ ಎದ್ದು ಹೋದಳು. ಆ ಹೊತ್ತಿಗೆ ಯಾರೂ ಅವಳಿಗೆ ತಮಿಳಿನಲ್ಲಿ ಏನನ್ನೂ ಹೇಳಿರಲಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ವರ್ಷಗಳೇ ಹಿಡಿದವು.

ಮೂರನೇ ತಿಂಗಳಿಗೆ ತಾತ ತೀರಿಕೊಂಡ. ಆಮೇಲೆ ಪ್ರತಿ ವರ್ಷ ಅವನ ತಿಥಿಯ ಊಟಕ್ಕೆ ಕೂತಾಗ ತಾತನ ಮಗಳು, ನಮ್ಮ ಅತ್ತೆ, ಒಂದು ಮಾತು ತಪ್ಪದೆ ಹೇಳುತ್ತಾಳೆ, "ಆ ಕೆಲ್ಸದವ್ಳ ಸೀಕು ತಾನ್ ಅಪ್ಪನ್ನ ಕೊಂಡೋದದ್ದು." ನಾನೂ ತಲೆಯಾಡಿಸಿ ಪಾಯಸ ಹಾಕಿಸಿಕೊಂಡಿದ್ದೇನೆ.

ಈಗ ನನ್ನ ಕೆಲಸವೇ ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್ ಓದುವುದು. ಅದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಬೆಳೆಯುತ್ತದೆ. ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ, ಆ ತಪ್ಪು ಮಕ್ಕಳು ಮೊಮ್ಮಕ್ಕಳಿಗೆಲ್ಲ ಇಳಿಯುತ್ತದೆ. ಶಾಲೆಯಲ್ಲಿ ಯಾರು ಯಾರದನ್ನು ನೋಡಿ ಬರೆದರು ಎಂದು ಮೇಷ್ಟ್ರು ತಪ್ಪು ನೋಡಿಯೇ ಹಿಡಿಯುತ್ತಿದ್ದರಲ್ಲ, ನಾವು ಮಾಡುವುದೂ ಅದನ್ನೇ. ಹೋದ ವರ್ಷ ತೇನಿ ಕಡೆಯಿಂದ ಕಾದಿಟ್ಟ ಹಳೆಯ ಕಫದ ಮಾದರಿಗಳು ಬಂದವು. ಹೆಸರಿಲ್ಲ, ಊರು, ವಯಸ್ಸು, ತಿಂಗಳು ಇಷ್ಟೇ. ಯಾರದೆಂದು ಹುಡುಕಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ನಾನು ಹುಡುಕಿದೆ. ಓಡೈಪಟ್ಟಿ, ಆ ಮಳೆಗಾಲ, ಒಬ್ಬ ಮುದುಕ, ಒಬ್ಬ ಹೆಂಗಸು. ಎರಡೇ ಇದ್ದವು.

ಮುದುಕನ ಕಫದಲ್ಲಿ ಒಂದೇ ಬ್ಯಾಕ್ಟೀರಿಯಾದ ಮೂರು ಕವಲುಗಳಿದ್ದವು. ಒಂದೇ ಮೈಯಲ್ಲಿ ಅಷ್ಟು ಕವಲೊಡೆಯಲು ತಿಂಗಳುಗಳು ಸಾಲವು, ವರ್ಷಗಳು ಬೇಕು. ಹೆಂಗಸಿನಲ್ಲಿದ್ದದ್ದು ಆ ಮೂರರಲ್ಲಿ ಒಂದು ಮಾತ್ರ, ಅದರ ಮೇಲೆ ಹೊಸದಾಗಿ ಒಂದಕ್ಷರದ ತಪ್ಪು. ಅಂದರೆ ತಾತನಿಂದ ಅವಳಿಗೆ ಹೋಗಿತ್ತು, ಆ ಕಿಟಕಿಯಿಲ್ಲದ ಕೋಣೆಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು, ಬರೆಯ ಕಬ್ಬಿಣ ಕಾಯಿಸಿದವಳು ನಾನು. ಬ್ಯಾಕ್ಟೀರಿಯಾದ ಇಂಥ ವಂಶವೃಕ್ಷಗಳು ಹೇಳುವುದು ಸಾಧ್ಯತೆಯನ್ನು, ತೀರ್ಪನ್ನಲ್ಲ ಎಂದು ನಮ್ಮ ಹಿರಿಯ ಸಹೋದ್ಯೋಗಿ ಯಾವಾಗಲೂ ಎಚ್ಚರಿಸುತ್ತಾರೆ. ಅದನ್ನೇ ಹಿಡಿದುಕೊಂಡು ಎರಡು ತಿಂಗಳು ಸುಮ್ಮನಿದ್ದೆ. ಪುರಾವೆ ಇಲ್ಲದ ದಿನ ಇಲ್ಲದ ಎಚ್ಚರಿಕೆ ಪುರಾವೆ ಸಿಕ್ಕ ಮೇಲೆ ಎಲ್ಲಿಂದ ಬಂತು ಎಂದು ನನಗೇ ನಾಚಿಕೆಯಾಯಿತು.

ಅಕ್ಕ ಪೆರಿಯಕುಳದ ಹತ್ತಿರ ಮಾವಿನ ತೋಪಿನಲ್ಲಿ ಕೆಲಸಕ್ಕಿದ್ದಾಳೆಂದು ವಿಚಾರಿಸಿ ತಿಳಿದುಕೊಂಡು ಹೋದೆ. ಮಗಳ ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಒಬ್ಬಳೇ ಇದ್ದಳು. ಅವಳ ತಟ್ಟೆ ಲೋಟ ಅಲ್ಲೇ ಬೇರೆಯಾಗಿದ್ದವು. ನಾನು ತಮಿಳಿನಲ್ಲಿ ಎಲ್ಲ ಹೇಳಿದೆ, ಕವಲು, ಅಕ್ಷರ, ತಪ್ಪು. ಅವಳು ಕೊನೆಯವರೆಗೂ ಕೇಳಿ ನಮ್ಮ ಮನೆಯ ಕನ್ನಡದಲ್ಲಿ ಬಾಯಿ ಬಿಟ್ಟಳು.

"ಏಳ್ ವರ್ಸ ಕೇಳಿ ಕೇಳಿ ನಿಮ್ಮ ಮಾತು ತಾನಾ ಬಂದುಬುಡ್ತು, ಪಾಪಾ. ಅವತ್ತು ಬೇರೆ ಯಾರಾದ್ರೂ ಅಂದಿದ್ರೆ ನಂಬ್ತಿರ್ಲಿಲ್ಲ. ನೀ ಓದವ್ಳು, ಸರಿಯಾ ತಾನ್ ಇರ್ತದೆ ಅಂದ್ಕೊಂಡೆ. ಆ ಪೆರಿಯವರ್ನ, ನಿಮ್ಮ ತಾತನ್ನ, ನಾನ್ ತಾನ್ ಕೊಂದೆ ಅಂತ."

ಪೂರ್ತಿ ಗುಣವಾಗಿದೆ ಎಂದು ಡಾಕ್ಟರು ಎಂದೋ ಹೇಳಿದ್ದರಂತೆ. ಅವರ ಮಾತನ್ನು ಅವಳು ನಂಬಲಿಲ್ಲ, ನನ್ನ ಮಾತನ್ನು ನಂಬಿದಳು. ನೀರು ತಂದ ಮಗಳು ಹೇಳಿದಳು, ಮೊಮ್ಮಗಳು ಹುಟ್ಟಿದಾಗಿನಿಂದ ಅಮ್ಮ ಒಂದು ಸಲವೂ ಎತ್ತಿಕೊಂಡಿಲ್ಲ, ದೂರದಿಂದಲೇ ಲಾಲಿ ಹಾಡುತ್ತಿದ್ದಳು.

"ಈಗ ಹೇಳ್ದ್ಯಲ್ಲ," ಎಂದಳು ಅಕ್ಕ, "ಅದ ನಿಮ್ಮ ಮಾತ್ನಲ್ಲಿ ಒಂದ್ ಸಲ ಹೇಳು."

"ನೀ ತರ್ಲಿಲ್ಲ, ಅಕ್ಕಾ. ನಮ್ಮ ತಾತನಿಂದ ತಾನ್ ನಿಂಗೆ ಬಂದದ್ದು."

ಅವಳು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೇಳಿದಳು, "ಮನೇಲಿ ಹೇಳ್ದಿಯಾ?"

"ಇಲ್ಲ."

"ಅಲ್ಲಿ ತಾನೆ ಹೇಳ್ಬೇಕು."

ಈ ಸಲದ ತಿಥಿಗೆ ತೋಟದಲ್ಲಿ ಕೆಲಸ ಮಾಡುವವರೂ ಹೊರಗಿನ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಅತ್ತೆ ತನ್ನ ಮಾತು ಶುರು ಮಾಡಿದಳು. ನಾನು ಎದ್ದು ನಿಂತೆ. "ಅವ್ಳಲ್ಲ ಅತ್ತೆ. ನಮ್ಮ ತಾತ ತಾನ್ ಅವ್ಳಿಗೆ ಕೊಟ್ಟದ್ದು. ಅವತ್ತು ನಾ ಹೇಳ್ದದ್ದು ತಪ್ಪು," ಎಂದೆ. ಅಪ್ಪ ತಲೆ ಬಗ್ಗಿಸಿದ. ಅಮ್ಮ ಕಣ್ಣಿನಲ್ಲೇ ಕೂರು ಎಂದಳು. ಕೂತಿದ್ದರೆ ಅದು ಮತ್ತೆ ಮನೆಯೊಳಗಿನ ಮಾತಾಗಿಯೇ ಉಳಿಯುತ್ತಿತ್ತು. ಹೊಸಿಲ ಹತ್ತಿರ ಹೋಗಿ, ಹೊರಗೆ ಕೂತವರಿಗೂ ಕೇಳುವ ಹಾಗೆ, ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ.

ಅತ್ತೆ ಎಲೆ ಮಡಚಿ ಎದ್ದಳು.

ಪೆರಿಯಕುಳಕ್ಕೆ ಫೋನ್ ಮಾಡಿ, ಮನೆಯಲ್ಲಿ ಹೇಳಿದ್ದೇನೆ ಎಂದೆ. ಅಕ್ಕ ಒಳ್ಳೆಯದಾಯಿತು ಎಂದಳು, ಈಗ ಮಗಳ ಮನೆಯೊಳಗೆ ಮಲಗುತ್ತೇನೆ ಎಂದಳು. ಮೊಮ್ಮಗಳನ್ನು ಎತ್ತಿಕೊಂಡೆಯಾ ಎಂದು ಕೇಳಿಬಿಟ್ಟೆ.

"ಅವ್ಳಿಗೀಗ ಒಂಬತ್ತು, ಪಾಪಾ," ಎಂದಳು. "ನನ್ ಕೈಲಿ ಎತ್ತಕಾಗಲ್ಲ."