ಬೆಣ್ಣೆ ಗುರುಶಾಂತಮ್ಮ ಚೀಟಿ ಎತ್ತಲು ಹೋದದ್ದು

ಹರಿಹರದ ಗುರುಶಾಂತಮ್ಮ ದಾವಣಗೆರೆಯ ದೋಸೆ ಹೋಟೆಲುಗಳಿಗೆ ಬೆಣ್ಣೆ ಹಾಕುತ್ತಾಳೆ. ಹೊಳೆಯಾಚೆಯ ಹಳ್ಳಿಗಳಿಂದ ಬಂದ ಬೆಣ್ಣೆಯನ್ನು ತೊಳೆದು, ಎರಡು ಡಬ್ಬಿಗೆ ತುಂಬಿ, ಮೇಲೆ ಒದ್ದೆ ಬಟ್ಟೆ ಕಟ್ಟಿ ಬೆಳಗಿನ ಬಸ್ಸು ಹತ್ತುತ್ತಾಳೆ. ಬೇಸಿಗೆಯಲ್ಲಿ ಬಸ್ಸು ಅಲ್ಲಲ್ಲಿ ನಿಂತರೆ ಮುಗಿಯಿತು, ಬೆಣ್ಣೆ ಎಣ್ಣೆಯಾಗಿ ಡಬ್ಬಿಯ ಅಂಚಿಗೆ ಬರುತ್ತದೆ. ಹೋಟೆಲಿನವರು ತೂಕಕ್ಕೆ ಮೊದಲೇ ಮುಖ ಸಿಂಡರಿಸುತ್ತಾರೆ.

ಹೀಗಿರುವಾಗ ಹೋಟೆಲುಗಳ ಸಾಲಿನಲ್ಲೇ ಬಳೆ ಅಂಗಡಿ ಇಟ್ಟಿದ್ದ ಮಕ್ತುಮ್ ಸಾಬ್ ವ್ಯಾಪಾರ ನಿಲ್ಲಿಸಿ, ಅಂಗಡಿಯನ್ನು ಬಾಡಿಗೆಗೆ ಕೊಡುತ್ತೇನೆಂದ. ಅಲ್ಲಿ ಕಂತಿನ ಮೇಲೆ ಒಂದು ದೊಡ್ಡ ಫ್ರಿಜ್ಜು ತಂದಿಟ್ಟರೆ ಬಸ್ಸಿನ ಬಿಸಿಲಿನ ಕಾಟವೇ ಇಲ್ಲ. ಬೆಣ್ಣೆಯನ್ನು ರಾತ್ರಿಯ ತಂಪಿನಲ್ಲಿ ಟೆಂಪೋಗೆ ಹಾಕಿ ಕಳಿಸಬಹುದು. ಅಡ್ವಾನ್ಸು ಐವತ್ತು ಸಾವಿರ.

"ಶುಕ್ರವಾರ ಸಂಜೆ ತನಕ ಕಾಯ್ತೀನಿ ಅಕ್ಕಾರೆ," ಎಂದಿದ್ದ ಸಾಬ್. "ಆಮೇಲೆ ನನ್ನ ಬೈಬ್ಯಾಡ್ರಿ. ಮೊಬೈಲ್ ಕವರ್ ಮಾರೋನು ರೊಕ್ಕ ಹಿಡ್ಕೊಂಡೇ ನಿಂತಾನೆ."

ಗುರುಶಾಂತಮ್ಮನಿಗೆ ಯೋಚನೆಯೇ ಇರಲಿಲ್ಲ. ಹರಿಹರದಲ್ಲಿ ಪಕ್ಕದ ಮನೆಯಲ್ಲಿದ್ದ ಕುಬೇರಪ್ಪನ ಮಗ ಮಾಲತೇಶ ಈಗ ವಿದ್ಯಾನಗರದಲ್ಲಿ ಆಫೀಸು ಮಾಡಿಕೊಂಡಿದ್ದಾನೆ. ಅವನ ಮಾತು ಕೇಳಿ ಎರಡು ವರ್ಷದಿಂದ ತಿಂಗಳಿಗೆ ಎರಡು ಸಾವಿರ ಕಟ್ಟುತ್ತಿದ್ದಳು. ಸೇರಿಸಿಕೊಳ್ಳುವಾಗ ಅವನು, "ಮಂದಿ ಎಲ್ಲಾ ತಿಂಗಳಾ ತಿಂಗಳಾ ಹಾಕ್ತಾರೆ ದೊಡ್ಡಮ್ಮ, ಒಂದೇ ಕಡೆ ಸೇರ್ತೈತೆ," ಎಂದಿದ್ದ. ಅದು ಚೀಟಿಯಲ್ಲದೆ ಇನ್ನೇನು? ಚೀಟಿಗೊಂದು ಮರ್ಯಾದೆ ಇದೆ. ಅಗತ್ಯವಿಲ್ಲದವರು ಹರಾಜಿನಲ್ಲಿ ಕೂಗುವುದಿಲ್ಲ, ಕಷ್ಟದಲ್ಲಿರುವವರಿಗೆ ಬಿಡುತ್ತಾರೆ. ಹಾಗಾಗಿ ಮಾಲತೇಶ ಸಿಕ್ಕಾಗಲೆಲ್ಲ, "ಈ ತಿಂಗಳೂ ನಂಗೆ ಬ್ಯಾಡಪ್ಪ, ಬೇಕಾದೋರಿಗೆ ಕೊಡು," ಎನ್ನುತ್ತಿದ್ದಳು. ಅವನು ಮೊಬೈಲು ನೋಡುತ್ತಲೇ ತಲೆಯಾಡಿಸುತ್ತಿದ್ದ.

ಬುಧವಾರ ಬೆಣ್ಣೆ ಹಾಕಿ ಮುಗಿಸಿ, ಖಾಲಿ ಡಬ್ಬಿಗಳ ಸಮೇತ ಅವನ ಆಫೀಸಿನ ಮೆಟ್ಟಿಲು ಹತ್ತಿದಳು.

"ತಮ್ಮಾ, ಈ ಸಲ ಚೀಟಿ ನಾನು ಎತ್ತೀನಿ ನೋಡು."

"ಯಾವ ಚೀಟಿ ದೊಡ್ಡಮ್ಮ? ಕೂಡ್ರಿ ಮೊದಲು."

"ನಿನ್ನ ಹತ್ರ ಹಾಕಿದ್ದು."

"ಅದು ಚೀಟಿ ಅಲ್ಲ, ಮ್ಯೂಚುವಲ್ ಫಂಡು."

"ಹೆಸರು ಏನಾರ ಇರ್ಲಿ. ಎರಡು ವರ್ಷದಾಗೆ ಒಮ್ಮೆನೂ ಕೂಗಿಲ್ಲ ನಾನು. ಎಲ್ಲರಿಗೂ ಬಿಟ್ಟುಕೊಟ್ಟೀನಿ."

ಮಾಲತೇಶ ಹಣೆ ತಿಕ್ಕಿಕೊಂಡ. "ಇದರಾಗೆ ಕೂಗೋದು, ಬಿಡೋದು ಎಂಥದೂ ಇಲ್ಲ. ನಿಮ್ಮ ಯೂನಿಟ್ ನಿಮ್ಮವೇ. ಎನ್‌ಎವಿ ಏರಿದ್ರೆ..."

"ನನ್ನವೇ ಆದ್ರೆ ಕೊಡು ಮತ್ತೆ."

"ಲಾಕಿನ್ ಐತೆ. ಮೂರು ವರ್ಷ ತೆಗೆಯಂಗಿಲ್ಲ. ಅದೂ ಒಂದೊಂದು ಕಂತಿಗೂ ಬೇರೆ ಬೇರೆ ಮೂರು ವರ್ಷ. ಹೋದ ತಿಂಗಳು ಕಟ್ಟಿದ್ದು ಇನ್ನು ಮೂರು ವರ್ಷಕ್ಕೇ ಬರೋದು."

"ಇಂಥಾದ್ದಕ್ಕೆ ಯಾಕ ಸೇರಿಸಿದಿ ನನ್ನ?"

"ಟ್ಯಾಕ್ಸ್ ಉಳೀತೈತೆ ದೊಡ್ಡಮ್ಮ."

"ನಾನ್ಯಾವಾಗ ಟ್ಯಾಕ್ಸ್ ಕಟ್ಟೀನೋ?"

ಮಾಲತೇಶ ಬಾಟಲಿ ಎತ್ತಿ ನೀರು ಕುಡಿದ. ಅವನು ಕುಡಿದು ಮುಗಿಸುವವರೆಗೂ ಅವಳು ಕಾದಳು.

"ಆಯ್ತು. ಇದರಾಗೆ ಇನ್ನೂ ಯಾರ್ಯಾರು ಅದಾರೆ ಹೇಳು. ನಾನೇ ಅವರ ಮನೆಗೆ ಹೋಗಿ ಕೇಳ್ಕೊಂತೀನಿ."

"ಲಕ್ಷಗಟ್ಟಲೆ ಮಂದಿ ಅದಾರೆ, ದೇಶದ ತುಂಬ!"

"ಹರಿಹರದೋರು ಒಬ್ಬರೂ ಇಲ್ಲಾ?"

"ಅಯ್ಯೋ, ನಂಗೆ ಹೆಂಗೆ ಗೊತ್ತಾಗ್ತೈತೆ?"

ಒಬ್ಬರ ಮುಖ ಒಬ್ಬರು ಕಾಣದ ಕಡೆ ಇಷ್ಟು ದಿನ ಯಾರಿಗೆ ದೊಡ್ಡಸ್ತಿಕೆ ತೋರಿಸಿದೆ ಎಂದು ಮೈಯೆಲ್ಲ ಉರಿದುಕೊಂಡು, ಡಬ್ಬಿಗಳನ್ನು ಗೋಡೆಗೆ ತಾಗಿಸುತ್ತಲೇ ಮೆಟ್ಟಿಲಿಳಿದಳು.

ಉಳಿದದ್ದು ಹರಿಹರದ ಚೀಟಿಯೊಂದೇ. ಓಬವ್ವ ನಡೆಸುವ ಈ ಚೀಟಿಯಲ್ಲಿ ಅವಳೂ ಸೇರಿ ಇಪ್ಪತ್ತು ಹೆಂಗಸರಿದ್ದಾರೆ, ಎತ್ತಿದರೆ ಅರವತ್ತು ಸಾವಿರ. ಬೇಕಾದವರು ಎಷ್ಟು ಬಿಟ್ಟುಕೊಡುತ್ತೇವೆಂದು ಕೂಗಬೇಕು. ಹೆಚ್ಚು ಬಿಟ್ಟವರಿಗೆ ಚೀಟಿ. ಬಿಟ್ಟ ಹಣ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಕೂಗುವ ಮೊದಲು ಕಾರಣ ಹೇಳುವುದು ಓಬವ್ವನ ಪಡಸಾಲೆಯ ಕಟ್ಟಳೆ.

ಗುರುವಾರ ಸಂಜೆ ಆ ತಿಂಗಳ ಚೀಟಿ ಕೂಗಲು ಎಲ್ಲರೂ ಸೇರಿದಾಗ ಗುರುಶಾಂತಮ್ಮ ಅಂಗಡಿಯ ವಿಷಯ ಹೇಳಿದಳು.

"ನಿಂದು ದಾವಣಗೆರೇಲಿ ಇನ್ನೊಂದು ಚೀಟಿ ಐತಲ್ಲ, ಅದನ್ನೆತ್ತು," ಎಂದಳು ಓಬವ್ವ.

"ಅದು ಚೀಟಿ ಅಲ್ಲವ್ವ, ಮ್ಯೂಚುವಲ್ ಫಂಡು."

"ಏನಾರ ಇರ್ಲಿ, ರೊಕ್ಕ ನಿಂದೋ ಅಲ್ಲೋ?"

"ನಂದೇ. ಮೂರು ವರ್ಷ ತೆಗೆಯಂಗಿಲ್ಲ."

"ನಿಂದಾದ್ರೆ ಯಾಕ ತೆಗೆಯಂಗಿಲ್ಲ?" ಮೂಲೆಯಿಂದ ತಿಮ್ಮವ್ವ ಕೇಳಿದಳು. "ಜೊತೆಗಿದ್ದೋರ್ನ ಕೇಳಿದ್ರೆ ಬಿಟ್ಟುಕೊಡ್ತಿದ್ರಪ್ಪ."

"ಲಕ್ಷಗಟ್ಟಲೆ ಮಂದಿ ಅದಾರೆ! ಯಾರ್ನಂತ ಕೇಳ್ಲಿ?" ಎಂದು ಗುರುಶಾಂತಮ್ಮ ಕೂಗಾಡಿ, ಮಾಲತೇಶನ ಹಾಗೆಯೇ ಹಣೆ ತಿಕ್ಕಿಕೊಂಡಳು.

ಬಂಗಾರ ಕೊಳ್ಳಬೇಕೆಂದು ಬಂದಿದ್ದ ಶೋಭಾರಾಣಿ ಐದು ಸಾವಿರ ಎಂದಳು. ಗುರುಶಾಂತಮ್ಮ ಆರು ಎಂದಳು. ಅವಳು ಏಳು, ಇವಳು ಎಂಟು. ಹತ್ತು ದಾಟಿದರೆ ಅಂಗಡಿ ಹೋದಂತೆಯೇ. ಶೋಭಾರಾಣಿ ಮತ್ತೆ ಬಾಯಿ ತೆರೆದಳು.

"ಬಂಗಾರ ಮುಂದಿನ ತಿಂಗಳೂ ಇರ್ತೈತೆ ಕಣೇ," ಎಂದಳು ಓಬವ್ವ.

"ಇರ್ತೈತೆ, ಇದೇ ರೇಟಿಗೆ ನೀನು ಕೊಡಿಸ್ತೀಯಾ?" ಶೋಭಾರಾಣಿ ಗೊಣಗಿದಳು. ಗುರುಶಾಂತಮ್ಮನ ಮುಖ ನೋಡಿ, "ಎತ್ಕೊ ಮಾರಾಯ್ತಿ. ದಿನಾ ಬೆಳಿಗ್ಗೆ ಬಸ್ಸಿನಾಗೆ ನಿನ್ನ ಡಬ್ಬಿ ನನ್ನ ಕಾಲ ಮ್ಯಾಲೆ ಇರೋದಾದ್ರೂ ತಪ್ಪಲಿ," ಎಂದು ಬಿಟ್ಟುಕೊಟ್ಟಳು.

ಎಂಟು ಸಾವಿರ ಹೋಯಿತು. ಅದರಲ್ಲಿ ತನ್ನ ಪಾಲಿಗೆ ನಾನೂರು ವಾಪಸು ಬಂದದ್ದು ಕಂಡು ಗುರುಶಾಂತಮ್ಮನಿಗೆ ಇನ್ನಷ್ಟು ಉರಿಯಿತು.

ಶುಕ್ರವಾರ ಮಧ್ಯಾಹ್ನವೇ ಮಕ್ತುಮ್ ಸಾಬ್ ಅಡ್ವಾನ್ಸು ಎಣಿಸಿಕೊಂಡು ಅಂಗಡಿ ಬಿಟ್ಟುಕೊಟ್ಟ. ಗುರುಶಾಂತಮ್ಮ ನೆಲದ ಬಳೆಚೂರು ಗುಡಿಸುತ್ತಿರುವಾಗ ಮೊಬೈಲು ಟಿಣ್ ಎಂದಿತು: ಈ ತಿಂಗಳ ಎರಡು ಸಾವಿರ ಕಡಿತ. ಪೊರಕೆ ಬಿಸಾಕಿ ಮಾಲತೇಶನಿಗೆ ಫೋನು ಹಚ್ಚಿದಳು.

"ನಿಲ್ಲಿಸು ಇದನ್ನ. ಎಷ್ಟು ದಂಡ ಹಾಕ್ತಾರೆ?"

"ದಂಡ ಇಲ್ಲ ದೊಡ್ಡಮ್ಮ. ಮುಂದೆ ಕಟ್ಟೋದು ನಿಲ್ತೈತೆ, ಹಾಕಿದ್ದು ಅಲ್ಲೇ ಇರ್ತೈತೆ."

"ಬೇಕಂದಾಗ ಬರೋದು ಯಾವುದೂ ಇಲ್ಲೇನು ನಿನ್ನ ಹತ್ರ?"

"ಐತಲ್ಲ, ಲಿಕ್ವಿಡ್ ಫಂಡು. ಅದರ ರಿಟರ್ನು..."

"ಹೆಸರು ನೀನೇ ಇಟ್ಕೊ. ಬರ್ತೈತೋ ಇಲ್ಲೋ?"

"ಒಂದೆರಡು ದಿನದಾಗೆ ಬರ್ತೈತೆ."

"ಹಿಂಗೆ ಕನ್ನಡದಾಗೆ ಮೊದಲೇ ಹೇಳಾಕೆ ಏನಾಗಿತ್ತು ನಿಂಗೆ?"

"ನೀವು ಕೇಳ್ಲೇ ಇಲ್ಲ ದೊಡ್ಡಮ್ಮ. ಬ್ಯಾಡ, ಬ್ಯಾಡ ಅಂತಲೇ ಇದ್ರಿ."

ಗುರುಶಾಂತಮ್ಮ ಬಿಸಾಕಿದ್ದ ಪೊರಕೆಯನ್ನು ಎತ್ತಿ ಗೋಡೆಗೆ ಒರಗಿಸಿದಳು.

"ಸಂಜೆ ಅಂಗಡಿಗೆ ಬಾ," ಎಂದಳು ಕೊನೆಗೆ. "ಹೊಸಾದಕ್ಕೆ ಸಹಿ ಆಮೇಲೆ. ಮೊದಲು ನಾನು ಕೇಳ್ತೀನಿ, ನೀನು ಹೇಳು. ಕತ್ತಲಾದ್ರೂ ಸರಿ."

ಫೋನಿಟ್ಟು, ಫ್ರಿಜ್ಜಿನವರ ಗಾಡಿ ಒಳಗೆ ಬರಲೆಂದು ಷಟರನ್ನು ಪೂರ್ತಿ ಮೇಲೆತ್ತಿದಳು.