ಮದರ್‌ಬೋರ್ಡಿನ ಕೆಳಗೆ ಏಳನೆಯ ಕಾಲು

ಎರಡು ಸಾವಿರದ ಇಸವಿಯ ಆಸುಪಾಸು. ಹಲಸೂರಿನ ನಮ್ಮ ಮನೆಯಲ್ಲಿ ಯಜಮಾನರು ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಲು ಕೂತರು. ಸಹಾಯಕ್ಕೆ ಕರೆದದ್ದು ನನ್ನನ್ನಲ್ಲ, ಕಂಪ್ಯೂಟರ್ ಕೋರ್ಸ್ ಮಾಡಿದ್ದ ತಮ್ಮ ತಂಗಿಯನ್ನು. ಮದರ್‌ಬೋರ್ಡ್ ತಗಡಿಗೆ ತಾಗದಿರಲೆಂದು ಅವಳು ಕಂಪ್ಯೂಟರಿನ ಡಬ್ಬದೊಳಗೆ ಏಳು ಪುಟ್ಟ ಹಿತ್ತಾಳೆ ಕಾಲುಗಳನ್ನು ನೆಟ್ಟಳು. ಆ ನಾಜೂಕು ನೋಡಿ ನನಗೆ ಹೊಟ್ಟೆ ಉರಿಯಿತು. ಮದರ್‌ಬೋರ್ಡ್ ಎತ್ತಿಕೊಡಲು ನಾನೂ ಕೈ ಚಾಚಿದೆ.

"ಮುಟ್ಬೇಡ ಕಣೆ, ನೈಲಾನ್ ಸೀರೆ ಉಟ್ಟಿದ್ದೀಯ. ಅದು ಉಜ್ಜಿ ಹುಟ್ಟೋ ಕರೆಂಟ್ ತಾಗಿದ್ರೆ ಬೋರ್ಡ್ ಹೋಗುತ್ತೆ," ಅಂದರು ಯಜಮಾನರು.

"ಅತ್ತಿಗೆ, ನೀವು ಕಾಫಿ ಮಾಡಿ ಸಾಕು," ಅಂದಳು ನಾದಿನಿ.

ಕಾಫಿ ಮಾಡಲಿಲ್ಲ. ಒಳಗೆ ಹೋಗಿ ಹತ್ತಿ ಸೀರೆ ಉಟ್ಟು ಬಂದೆ. ಅಷ್ಟರಲ್ಲಿ ಬೋರ್ಡ್ ಕೂರಿಸಿ, ಅದರ ತೂತುಗಳ ಮೂಲಕ ಕಾಲುಗಳಿಗೆ ಸ್ಕ್ರೂ ಬಿಗಿದಾಗಿತ್ತು. ಅವಳ ಕೆಲಸದಲ್ಲಿ ತಪ್ಪು ಹುಡುಕಲೆಂದೇ ಬಗ್ಗಿ ಸ್ಕ್ರೂ ಎಣಿಸಿದೆ.

"ನೀನು ಏಳು ಕಾಲು ನೆಟ್ಟಿದ್ದೆ. ಸ್ಕ್ರೂ ಯಾಕಮ್ಮ ಆರೇ ಇದೆ?"

ಇಬ್ಬರೂ ಸೇರಿ ಸ್ಕ್ರೂ ಬಿಚ್ಚಿದರು. ಬೋರ್ಡ್ ಎತ್ತಿದರೆ, ತೂತೇ ಇಲ್ಲದ ಕಡೆ ಒಂದು ಕಾಲು ಅದರ ಬೆನ್ನಿಗೆ ಒತ್ತಿಕೊಂಡಿತ್ತು. ಸ್ವಿಚ್ ಹಾಕಿದ್ದರೆ ಶಾರ್ಟ್ ಆಗಿ ಬೋರ್ಡ್ ಸುಟ್ಟೇ ಹೋಗುತ್ತಿತ್ತು.

"ಆ ಕಾಲನ್ನ ನೀನೇ ತೆಗಿ," ಅಂದರು ಯಜಮಾನರು ನನಗೆ.

ಒಂದು ನಿಮಿಷದ ಕೆಲಸವನ್ನು ಬೇಕೆಂದೇ ಐದು ನಿಮಿಷ ಮಾಡಿದೆ. ಅಷ್ಟು ಹೊತ್ತೂ ನಾದಿನಿ ಎತ್ತಿದ ಬೋರ್ಡಿನ ಅಂಚು ಹಿಡಿದು, ಅಲ್ಲಾಡದೆ ನಿಂತಿದ್ದಳು.